ಅರ್ಧ ಅಂಕ

ಹಡಪಸರದ ನಮ್ಮ ಕಾಲೇಜಿಗೆ ಒಬ್ಬ ಹುಡುಗಿ ಬಂದಳು,
ವಿದ್ಯಾಪೀಠದ ಸಂಶೋಧಕಿ, ಮೊಣಕೈಗೆ ಒದ್ದೆ ಛತ್ರಿ,
ಕೈಯಲ್ಲಿ ಹನ್ನೆರಡು ಪುಟದ ಪ್ರಶ್ನಾವಳಿ.
ಗಣಿತದ ಪಾಠಕ್ಕೆ ಕಂಪ್ಯೂಟರ್ ತಂತ್ರಾಂಶ ಬೇಕೆ,
ಅಧ್ಯಾಪಕರು ಏನನ್ನುತ್ತಾರೆ?
ಪ್ರತಿ ವಾಕ್ಯದ ಮುಂದೆ ಐದು ಚೌಕ.
ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ
ಸುತರಾಂ ಒಪ್ಪೆ ಎಂಬಲ್ಲಿಯ ತನಕ.
ನಡುವಿನ ಚೌಕದ ಹೆಸರು: ಹೇಳಲಾರೆ.

ಖಳದಕರ ಸರ್ ಓದಿಯೂ ನೋಡಲಿಲ್ಲ.
ಕೊನೆಯ ಚೌಕಗಳ ಉದ್ದಕ್ಕೂ
ಮೇಲಿನಿಂದ ಕೆಳಗೆ ಒಂದೇ ಕೆಂಪು ಗೀಟು.
“ಬೆರಳು ಮಡಚಿ ಎಣಿಸಿದವಗ ಲೆಕ್ಕ ಬರತದ,
ಗುಂಡಿ ಒತ್ತಿದವಗ ಗುಂಡಿ ಒತ್ತೋದು ಬರತದ.”
(ಅಂದದ್ದು ಮರಾಠಿಯಲ್ಲಿ;
ನನ್ನ ಕಿವಿಯೊಳಗೆ ಎಲ್ಲವೂ ಇಂಡಿ ತಾಲ್ಲೂಕಿನದಾಗುತ್ತದೆ.)

ಫರ್ಜಾನಾ ಇನಾಮದಾರ್, ಗಂಟೆ ಲೆಕ್ಕದ ಸಂಬಳದವಳು,
ಎಲ್ಲಕ್ಕೂ ಮೊದಲ ಚೌಕ.
“ಕುದುರೆಯ ಜೀನಿನಂಥ ಮೇಲ್ಮೈ
ನೀವು ಹಲಗೆಗೆ ಬರೆದರೆ ಸುಟ್ಟ ಹಪ್ಪಳ, ಸರ್.
ನಾನು ತಿರುಗಿಸಿ ತಿರುಗಿಸಿ ತೋರಿಸುತ್ತೇನೆ,
ಹತ್ತಿ ಕೂರಬೇಕು ಅನಿಸುತ್ತದೆ ಮಕ್ಕಳಿಗೆ.”

ಟಿಳೇಕರ್ ಬಾಯಿ ಕನ್ನಡಕ ಏರಿಸಿಕೊಂಡರು:
ಇರುವ ಇಪ್ಪತ್ತರಲ್ಲಿ ಏಳುವವು ಹನ್ನೊಂದು,
ಎರಡನೇ ವರ್ಷದಲ್ಲಿ ಎಂಬತ್ತಾರು ಮಂದಿ,
ಭಾಗಿಸಿದರೆ ಒಂದು ಇಲಿಗೆ ಏಳೇಳು ಕೈ,
ಶೇಷ ಒಂಬತ್ತು.
“ಆ ಒಂಬತ್ತು ಜನ ಎಲ್ಲಿ ನಿಲ್ಲಬೇಕು ಅಂತ
ಇದರಲ್ಲಿ ಒಂದೂ ಪ್ರಶ್ನೆ ಇಲ್ಲವಲ್ಲ, ಮಗಾ?”

ನನ್ನ ಪೆನ್ನು ಹದಿನಾಲ್ಕರ ಹತ್ತಿರ ನಿಂತಿತು.
ತಂತ್ರಾಂಶ ಬಂದರೆ ವಿದ್ಯಾರ್ಥಿ ಯೋಚಿಸುವುದನ್ನು ಬಿಡುತ್ತಾನೆ.

ಹೋದ ಶ್ರಾವಣ. ಮಂಗಳವಾರ.
ಲ್ಯಾಬಿನ ಫ್ಯಾನು ಕರಕರ ಅನ್ನುತ್ತಿತ್ತು.
ಎರಡು ಎಕ್ಸ್‌ನ ಅನುಕಲನ ಕೇಳಿದೆ ಯಂತ್ರವನ್ನು,
ಕಣ್ಣು ಮಿಟುಕಿಸುವುದರೊಳಗೆ
ಎಕ್ಸ್ ವರ್ಗ ಎಂದಿತು, ಸುಮ್ಮನಾಯಿತು.
ಹಿಂದಿನಿಂದ ಓಂಕಾರ ಘುಲೆ,
ಮಾಂಜರಿಯ ಹುಡುಗ,
ನಸುಕಿನಲ್ಲಿ ಮೆಂತ್ಯದ ಕಟ್ಟು ಎಣಿಸಿ ಇಳಿಸಿ
ಹತ್ತರ ತಾಸಿಗೆ ತೂಕಡಿಸುವವನು,
ತಲೆ ಎತ್ತಿದ:
“ಸರ್, ಇದು ಸ್ಥಿರಾಂಕ ಬರೆದಿಲ್ಲ.
ನನಗೆ ಅರ್ಧ ಅಂಕ ಕಡಿದಿರಿ.
ಇದಕ್ಕೆ?”

ನಗು ಇಳಿಯುವಷ್ಟರಲ್ಲಿ ಅವನೇ ಎದ್ದು ಬಂದ.
ಒಂದು ಕೂಡಿಸಿದ, ಎರಡು ಕೂಡಿಸಿದ, ಐದು ಕಳೆದ,
ಪರದೆ ತುಂಬ ವಕ್ರರೇಖೆ,
ಪಾತ್ರೆಯಂಗಡಿಯಲ್ಲಿ ಒಂದರೊಳಗೊಂದು
ಕೂಡಿಸಿಟ್ಟ ಬಟ್ಟಲುಗಳ ಹಾಗೆ.
ಬೆರಳಿಟ್ಟು ನೇರ ಕೆಳಗೆಳೆದ:
“ಇಲ್ಲೆಲ್ಲ ಇಳಿಜಾರು ಒಂದೇ, ಸರ್.
ಎತ್ತರ ಮಾತ್ರ ಬೇರೆ ಬೇರೆ.
ನಾವು ಎಲ್ಲಿಂದ ಹೊರಟೆವೋ
ಇದಕ್ಕೆ ಗೊತ್ತಿಲ್ಲ.”

ಇಪ್ಪತ್ತಾರು ವರ್ಷ ಹೇಳಿದ್ದೇನೆ,
ಕೊನೆಗೆ ಕೂಡಿಸು ಸಿ ಬರೀರಿ, ಮರೆತರೆ ಅರ್ಧ ಅಂಕ.
ಬೀಗ ಹಾಕಿದೆಯಾ, ಗ್ಯಾಸ್ ಆರಿಸಿದೆಯಾ ಅನ್ನುವ ದನಿಯಲ್ಲಿ.
ಎಲ್ಲಿಂದ ಹೊರಟೆವು ಎಂಬುದು
ಆ ಒಂದು ಅಕ್ಷರದಲ್ಲಿ ಕೂತಿದೆ ಅಂತ
ಸುಣ್ಣದ ಕಡ್ಡಿ ಹಿಡಿದ ನನ್ನ ಕೈ
ಒಂದು ಸಲವೂ ಹೇಳಿರಲಿಲ್ಲ.

ಹಾಗಂತ ಯಂತ್ರ ಕಲಿಸಿತು ಅನ್ನಲೆ?
ಅದು ಮರೆತಿತ್ತು, ಅಷ್ಟೆ.
ನಾನು ಮರೆತಿದ್ದರೆ
ಅವನು ಕೇಳುತ್ತಿದ್ದನೆ?
ಬರೆದುಕೊಂಡು ಮಲಗುತ್ತಿದ್ದ.

ಇನ್ನು ಘುಲೆಯ ಮಾತು:
ವಾರ್ಷಿಕ ಪರೀಕ್ಷೆಯಲ್ಲಿ ಎರಡು ಕಡೆ
ಸ್ಥಿರಾಂಕ ಮತ್ತೆ ಬಿಟ್ಟಿದ್ದ.
ಕಡಿದೆ.

ಹದಿನಾಲ್ಕರ ಚೌಕಗಳನ್ನು ಹಾಗೇ ಬಿಟ್ಟು
ಅಂಚಿನಲ್ಲಿ ಇದನ್ನೆಲ್ಲ ಬರೆಯತೊಡಗಿದೆ,
ಜಾಗ ಸಾಲದೆ ಹಾಳೆ ತಿರುವಿ ಅಡ್ಡಡ್ಡ.
ಹುಡುಗಿ ಎರಡು ಸಲ ಗಡಿಯಾರ ನೋಡಿದಳು,
ಚಹಾದ ಲೋಟ ಪಕ್ಕಕ್ಕೆ ಸರಿಸಿದಳು,
ಮೆತ್ತಗೆ ಅಂದಳು:

“ಸರ್, ದಯವಿಟ್ಟು ಒಂದು ಚೌಕಕ್ಕೆ ಗುರುತು ಹಾಕಿ.
ಅಂಚಿನಲ್ಲಿ ಬರೆದದ್ದನ್ನು
ನಮ್ಮ ತಂತ್ರಾಂಶ ತಗೊಳ್ಳೋದಿಲ್ಲ.”